ಎಲ್ಲಿಗಿ ಹೊಂಟಿ?

ಕೊಟ್ಟೂರಿನ ಏಕಾಂತಪ್ಪನ ಗ್ರಹಚಾರ ಅವತ್ತು ಕೆಟ್ಟದ್ದು ಎದುರುಮನೆ ಪಾಲಮ್ಮನ ಒಂದು ಮಾತಿನಿಂದ.

ಬಿ.ಎ. ಪಾಸಾಗಿ, ಅರ್ಜಿ ಹಾಕಿ ಹಾಕಿ ಅಂಚೆಪೆಟ್ಟಿಗೆಗೇ ಬೇಸರ ಬಂದಮೇಲೆ ಅವನಿಗೆ ಮೊಟ್ಟಮೊದಲ ಸಂದರ್ಶನದ ಕರೆ ಬಂದಿತ್ತು. ಹಗರಿಬೊಮ್ಮನಹಳ್ಳಿಯ ಒಂದು ಹತ್ತಿ ಮಾರಾಟ ಸಂಘದಲ್ಲಿ ಗುಮಾಸ್ತನ ಕೆಲಸ, ಹನ್ನೊಂದಕ್ಕೆ ಹಾಜರಿರಬೇಕು. ಇದೂ ಕೈತಪ್ಪಿದರೆ ನಾಳೆಯಿಂದ ಸೋದರಮಾವನ ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಹುರಿಯಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಬಿ.ಎ.ಯನ್ನು ಬಿಸಿ ಮರಳಿಗೆ ಹಾಕಿದರೆ ಏನು ಅರಳೀತೆಂದು ಯೋಚಿಸಿ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಬೆಳಿಗ್ಗೆ ಬೇಗನೆ ಎದ್ದು, ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ, ಬಿಳಿ ಅಂಗಿಗೆ ತಾನೇ ಇಸ್ತ್ರಿ ಮಾಡಿ ಹೊಸ್ತಿಲು ದಾಟಿದ.

ಅಂಗಳಕ್ಕೆ ನೀರು ಹಾಕುತ್ತಿದ್ದ ಪಾಲಮ್ಮ ಕೇಳಿಯೇಬಿಟ್ಟಳು: “ಎಲ್ಲಿಗಿ ಹೊಂಟ್ಯೋ ಏಕಾಂತಪ್ಪ, ಮದಲಿಂಗನಂಗ?”

ಒಳಗಿಂದ ತಾಯಿ ಹುಲುಗಮ್ಮ ಓಡಿಬಂದಳು. “ಅಯ್ಯೋ ನಿನ್ನ ಬಾಯಿಗಿಷ್ಟು! ಹೊರಗ ಹೊಂಟವನ್ನ ಎಲ್ಲಿಗಿ ಅಂತ ಕೇಳ್ತಾರೇನ? ದೂರ ಹೊಂಟ್ಯೇನಪ್ಪ ಅನ್ನಬೇಕು. ಇನ್ನ ಹೋದ ಕೆಲಸ ಆದಂಗs ಐತಿ! ಬಾರೋ ಒಳಗ. ಕುಂದ್ರು. ಒಂದು ಚರಗಿ ನೀರು ಕುಡದು ಹೊಸದಾಗಿ ಹೊಂಡು.”

“ಎವ್ವಾ, ಬಸ್ಸು ಹೋಗತೈತಿ!”

“ನೌಕರಿ ಹೋಗೋದಕ್ಕಿಂತ ಬಸ್ಸು ಹೋಗೋದು ಚಲೋ. ಕುಡಿ.”

ಕುಡಿದ. ಮತ್ತೆ ಹೊರಟ. ಈ ಸಲ ಕಟ್ಟೆಯ ಮೇಲೆ ಕುಳಿತಿದ್ದ ನಿವೃತ್ತ ಮಾಸ್ತರು ಹನುಮಣ್ಣ ಸಹಾಯಕ್ಕೆ ನಿಂತರು. ಇಡೀ ಓಣಿಗೆ ಕೇಳುವಂತೆ ಕೂಗಿದರು: “ಏ, ಯಾರೂ ನಮ್ಮ ಏಕಾಂತಪ್ಪನ್ನ ಎಲ್ಲಿಗಿ ಹೊಂಟಿ ಅಂತ ಕೇಳಬ್ಯಾಡ್ರಿ!”

ಹುಲುಗಮ್ಮ ಹಣೆ ಬಡಿದುಕೊಂಡಳು. “ಮಾಸ್ತರ, ನೀವs ಅಂದ್ಬಿಟ್ರೆಲ್ರಿ!”

“ನಾ ಎಲ್ಲಿ ಕೇಳಿದೆವ್ವ? ಕೇಳಬ್ಯಾಡ್ರಿ ಅಂದೆ.”

“ಮಾತು ಕಿವಿಗಿ ಬಿತ್ತಿಲ್ಲೋ? ಬಾರೋ ಒಳಗ.”

ಮತ್ತೊಂದು ಚರಗಿ. ಮೂರನೆಯ ಸಲ ಓಣಿಗೆ ಓಣಿಯೇ ಬಾಯಿ ಬಿಗಿದುಕೊಂಡು ಅವನ ಹಿಂದೆ ಬಸ್‌ಸ್ಟ್ಯಾಂಡಿಗೆ ನಡೆಯಿತು. ಮಾಸ್ತರು ಮಾತ್ರ ಆಗಾಗ ಬೆನ್ನು ತಟ್ಟಿ, “ಧೈರ್ಯ ಬಿಡಬ್ಯಾಡ, ನಾನೂ ಎಸೆಸೆಲ್ಸಿ ಮೂರು ಸಲ ಕಟ್ಟೀನಿ” ಎನ್ನುತ್ತಿದ್ದರು. ಬಸ್ಸು ನಿಂತಿತ್ತು. ಏಕಾಂತಪ್ಪ ಬಲಗಾಲಿಟ್ಟು ಹತ್ತಿದ. ಕಂಡಕ್ಟರ್ ಪೆನ್ಸಿಲನ್ನು ಕಿವಿಯಿಂದ ತೆಗೆದು ಕೇಳಿದ: “ಎಲ್ಲಿಗ್ರಿ?”

“ಇಳಿಯೋ!” ಎಂದಳು ಹುಲುಗಮ್ಮ ಕೆಳಗಿಂದ.

“ಎವ್ವಾ, ಅದು ಅವನ ಕೆಲಸ!”

“ಅವನ ಕೆಲಸ ಉಳೀತು, ನಿನ್ನ ಕೆಲಸ ಹೋತು. ಇಳಿ!”

ಬಸ್ಸು ಹೋಯಿತು. ಏಕಾಂತಪ್ಪ ಮನೆಗೆ ಬಂದು, ಕುಳಿತು, ಕುಡಿದು, ತಿರುಗಿ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅಂಗಿಯ ಇಸ್ತ್ರಿ ಮುದುಡಿತ್ತು. ಹೆಜ್ಜೆ ಇಟ್ಟಾಗಲೆಲ್ಲ ಹೊಟ್ಟೆ ಅರ್ಧ ತುಂಬಿದ ಕೊಡದ ಹಾಗೆ ಗುಳುಗುಳು ಎನ್ನುತ್ತಿತ್ತು. ಮುಂದಿನ ಬಸ್ಸಿನ ಕಂಡಕ್ಟರ್ ಟಾಪಿನ ಮೇಲೆ ಮಂಡಕ್ಕಿ ಚೀಲ ಏರಿಸುತ್ತಿದ್ದ. ಹುಲುಗಮ್ಮ ಕೆಳಗಿನಿಂದಲೇ, “ಬೊಮ್ಮನಹಳ್ಳಿಗಿ ಒಂದು ಟಿಕೀಟು, ಬಾಯಿ ತೆಗೀಬ್ಯಾಡಪ್ಪ ನಿನ್ನ ಕೈ ಮುಗೀತೀನಿ!” ಎಂದು ಕೂಗಿ ಹೇಳಿ, ಮಗನನ್ನು ಹತ್ತಿಸಿ ಮನೆಗೆ ಹೊರಟಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೋಟು ತೊಟ್ಟ ಹಿರಿಯರೊಬ್ಬರು ಹಣೆತುಂಬ ವಿಭೂತಿ ಧರಿಸಿ, ಚಿಲ್ಲರೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಯಾರ ಕಡೆಗೂ ನೋಡದೆ ಕುಳಿತಿದ್ದರು. ಏಕಾಂತಪ್ಪನ ಮೈಯೆಲ್ಲ ಉರಿಯುತ್ತಿತ್ತು. ಓದಿದವನು ನಾನು, ಈ ಮೂಢನಂಬಿಕೆಗೆ ನೀರು ಕುಡಿದು ಕುಡಿದು ಸಾಯಬೇಕೇ? ಕೇಳಿದರೆ ಆಕಾಶ ಕಳಚಿ ಬೀಳುತ್ತದೆಯೇ, ನೋಡೇಬಿಡೋಣ ಎಂದು ಜೋರಾಗಿ ಕೇಳಿದ:

“ಎಲ್ಲಿಗಿ ಹೊಂಟೀರಿ ಯಜಮಾನ್ರ?”

ಹಿರಿಯರು ಬೆಚ್ಚಿಬಿದ್ದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಚೀಲ ಎತ್ತಿಕೊಂಡು ಇಳಿದುಹೋದರು. ಆಕಾಶವೇನೂ ಬೀಳಲಿಲ್ಲ, ಕಿಟಕಿ ಪಕ್ಕದ ಸೀಟು ಖಾಲಿಯಾಯಿತು. ಬೆಳಿಗ್ಗೆಯಿಂದ ಮೊದಲ ಸಲ ಏಕಾಂತಪ್ಪ ನಕ್ಕು, ಕಾಲು ಚಾಚಿ ಕುಳಿತ.

ಸಂಘದ ಕಚೇರಿ ಮುಟ್ಟಿದಾಗ ಹನ್ನೊಂದು ಎಂದೋ ದಾಟಿತ್ತು. ಓಡಿ ಒಳಗೆ ನುಗ್ಗಿದರೆ ಉಳಿದ ಅಭ್ಯರ್ಥಿಗಳೆಲ್ಲ ಬೆಂಚಿನ ಮೇಲೆ ಆಕಳಿಸುತ್ತ ಕುಳಿತಿದ್ದಾರೆ! ಸಂದರ್ಶನ ಇನ್ನೂ ಶುರುವಾಗಿರಲಿಲ್ಲ. ಅವ್ವನ ನೀರು ಫಲಿಸಿತೆಂದು ಅವನ ಕಣ್ಣೇ ತುಂಬಿಬಂತು.

ಅಷ್ಟರಲ್ಲಿ ಜವಾನ ಗಾಳೆಪ್ಪ ಒಳಗಿಂದ ಬಂದ. “ಎಲ್ರೂ ಮನಿಗಿ ನಡೀರಿ. ಮುಂದಿನ ಸೋಮವಾರ ಬರ್ರಿ. ಸಾಹೇಬ್ರು ಕೊಟ್ಟೂರಿಂದ ಫೋನ್ ಮಾಡಿದ್ರು. ಬಸ್ಸಿನಾಗ ಕುಂತಿದ್ರಂತ, ಯಾವನೋ ಬಿಳಿ ಅಂಗಿಯವ ಎಲ್ಲಿಗಿ ಹೊಂಟೀರಿ ಅಂದ್ನಂತ. ಅವರಿಗೆ ಶಕುನ ಭಾಳ. ವಾಪಸ್ ತಮ್ಮೂರು ಹರಪನಹಳ್ಳಿಗಿ ಹೋದ್ರು.”

ಏಕಾಂತಪ್ಪ ನಿಂತಲ್ಲೇ ತಣ್ಣಗಾದ. “ಸೋಮವಾರ… ಅವರs ಬರ್ತಾರೇನ್ರಿ?”

“ಅವರs ಮತ್ತ! ‘ಅವನ ಮುಖ ನನ್ನ ಕಣ್ಣಾಗ ಕುಂತೈತಿ, ಸಾಯೋತನ ಮರೆಯಂಗಿಲ್ಲ’ ಅಂದ್ರು.”

ಸಂಜೆ ಅವನು ಮನೆಗೆ ಬರುವಾಗ ಓಣಿಯೆಲ್ಲ ಕಟ್ಟೆಯ ಮೇಲೆ ಕಾದಿತ್ತು. ಸಾಹೇಬರು ಅರ್ಧ ದಾರಿಯಿಂದ ವಾಪಸಾದರು, ಅಷ್ಟೇ ಎಂದ ಏಕಾಂತಪ್ಪ. ಹುಲುಗಮ್ಮನಿಗೆ ಅಷ್ಟೇ ಸಾಕಾಯಿತು.

“ಯಾವನೋ ಮುಕುಡ ಎಲ್ಲಿಗಿ ಅಂತ ಕೇಳಿರಬೇಕು! ನನ್ನ ಮಗನ ಅನ್ನಕ್ಕ ಮಣ್ಣು ಹಾಕಿದ ಆ ಪಾಪಿಗಿ ಈ ಜನ್ಮದಾಗ ನೌಕರಿ ಸಿಗಬಾರ್ದು!” ಎಂದು ಹಿಡಿ ಮಣ್ಣು ತೂರಿದಳು.

“ಸಿಗಬಾರ್ದು!” ಎಂದಳು ಪಾಲಮ್ಮ. “ಖಂಡಿತ ಸಿಗಬಾರ್ದು!” ಎಂದರು ಮಾಸ್ತರು.

ಏಕಾಂತಪ್ಪ ಯಾರೂ ಹೇಳದಿದ್ದರೂ ಒಳಗೆ ಹೋಗಿ, ಕುಳಿತು, ಒಂದು ಚರಗಿ ನೀರು ಕುಡಿದ.