ಮೊದಲು ಟ್ಯಾಂಕು, ಆಮೇಲೆ ನೋಟ

ಮನುಷ್ಯರಲ್ಲಿ ಎರಡು ಜಾತಿ. ಎಲೆಗೆ ಬಡಿಸಿದ ಸಿಹಿಯನ್ನು ಮೊದಲೇ ತಿಂದುಬಿಡುವವರದು ಒಂದು. ಅದನ್ನು ಎಲೆಯ ಮೂಲೆಗೆ ಸರಿಸಿಟ್ಟು, ಪಲ್ಯ, ಕೋಸಂಬರಿ, ಬೇಡವಾದ ಹಾಗಲಕಾಯಿಯನ್ನೆಲ್ಲ ಶಿಸ್ತಾಗಿ ಮುಗಿಸಿ, ಕೊನೆಗೆ ನೆಮ್ಮದಿಯಿಂದ ತಿಂದರಾಯಿತು ಎಂದು ಕಾಯುವವರದು ಇನ್ನೊಂದು. ನಾನು ಎರಡನೆಯ ಜಾತಿಯಲ್ಲಿ ಹುಟ್ಟಿದವನು. ಧಾರವಾಡದಲ್ಲಿ ನಡೆದ ನನ್ನ ಮದುವೆಯ ಊಟದಲ್ಲೇ, ಹೀಗೆ ಸರಿಸಿಟ್ಟಿದ್ದ ಹೋಳಿಗೆಯ ಮೇಲೆ ಬಡಿಸುವವನೊಬ್ಬ ಸಾರು ಸುರಿದು ಮುಂದೆ ಹೋದ. ನನ್ನ ಹೆಂಡತಿಯಾಗಿ ಆಗ ಇನ್ನೂ ಎರಡು ತಾಸೂ ಆಗಿರದ ಸುಧಾ, ತನ್ನ ಎಲೆಯ ಹೋಳಿಗೆಯಲ್ಲಿ ಅರ್ಧ ಮುರಿದು ನನ್ನ ಕಡೆ ಹಾಕಿ, "ಹಿಂಗ ಕಾಯಕೋತ ಕೂತ್ರ ಜನ್ಮಾ ಪೂರ್ತಿ ಸಾರಿನ ಹೋಳಿಗಿನಽ ತಿನಬೇಕಾಗ್ತದ ನೋಡ್ರಿ" ಎಂದು ಮೆಲ್ಲಗೆ ಹೇಳಿದಳು. ಅದು ಅವಳು ನನ್ನೊಡನೆ ಆಡಿದ ಮೊದಲ ದೊಡ್ಡ ವಾಕ್ಯ. ನಾನು ಅದನ್ನು ತಮಾಷೆ ಎಂದುಕೊಂಡೆ.

ಇಷ್ಟು ಸಿಹಿಯಾದ ಪೀಠಿಕೆ ಯಾಕೆಂದರೆ, ಮುಂದೆ ಹೇಳಹೊರಟಿರುವುದು ಕಕ್ಕಸಿನ ವಿಷಯ. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಬಹುದು, ನಾನು ತಪ್ಪು ತಿಳಿಯುವುದಿಲ್ಲ. ಅಮೆರಿಕಾದಲ್ಲಿ ನಾವಿರುವ ಸ್ಕ್ರಿಪ್ಸ್ ರ್ಯಾಂಚಿನ ಸುತ್ತಲ ಗುಡ್ಡಗಳಿಗೆ ಬೆಂಕಿ ಬಿದ್ದ ಮರುವರ್ಷದ ಮಾತು. ಸುಧಾಳಿಗೆ ಕ್ಯಾನ್ಸರಿನ ಚಿಕಿತ್ಸೆ ನಡೆದಿತ್ತು. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದು ವಾರ ಬಿಡುವಿತ್ತು. "ಈ ವಾರ ಅವರು ಚೆನ್ನಾಗಿರುತ್ತಾರೆ, ಇಷ್ಟವಾದದ್ದು ಮಾಡಲಿ" ಎಂದರು ಡಾಕ್ಟರು. ಅದರ ಹಿಂದಿನ ಮಾತನ್ನು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಸುಧಾಳ ಇಷ್ಟ ಸಣ್ಣದು. ಮೇಲೆ ಬೆಟ್ಟದಲ್ಲಿ ಸೇಬಿನ ತೋಟಗಳಿರುವ ಒಂದು ಪುಟ್ಟ ಊರಿದೆ. ಅದರಾಚೆ ಬೆಟ್ಟ ಒಮ್ಮೆಲೇ ಮುಗಿದು ಕೆಳಗೆ ಮರುಭೂಮಿ ಕಾಣುತ್ತದೆ. ಸಂಜೆ ಹೊತ್ತು ಮುಳುಗುವಾಗ ಆ ಮರುಭೂಮಿಗೆ ಬರುವ ಬಣ್ಣವನ್ನು ಆಸ್ಪತ್ರೆಯ ನರ್ಸೊಬ್ಬಳು ಅವಳಿಗೆ ಬಣ್ಣಿಸಿದ್ದಳು. ಹದಿನೈದು ವರ್ಷದಿಂದ ಒಂದೂವರೆ ತಾಸಿನ ದಾರಿಯಲ್ಲಿದ್ದೂ ನಾವು ಅದನ್ನು ನೋಡಿರಲಿಲ್ಲ. ಪ್ರತಿ ವರ್ಷವೂ ನನಗೆ ಮೊದಲು ಮುಗಿಸಬೇಕಾದ ಯಾವುದೋ ಒಂದು ಕೆಲಸ ಇರುತ್ತಿತ್ತು.

ಕಾರಿನಲ್ಲಿ ಕರೆದೊಯ್ಯುವಂತಿರಲಿಲ್ಲ. ಅವಳಿಗೆ ಗಂಟೆಗೊಮ್ಮೆ ಮಲಗಬೇಕು, ಯಾವಾಗ ಬೇಕಾದರೂ ವಾಂತಿಯಾಗಬಹುದು, ಕಕ್ಕಸು ಪಕ್ಕದಲ್ಲೇ ಇರಬೇಕು. ವೆಸ್ಟ್ ಕೊವಿನಾದಲ್ಲಿರುವ ನನ್ನ ಷಡ್ಡಕ, ಎಂದರೆ ಸುಧಾಳ ತಂಗಿಯ ಗಂಡ, ಇದಕ್ಕೊಂದು ಉಪಾಯ ಹುಡುಕಿದ. ಅವನ ನೆರೆಮನೆಯ ಮುದುಕನ ಬಳಿ ಒಂದು ಆರ್‌ವಿ ಇತ್ತು. ಲಾರಿಯ ಮೇಲೆ ಮನೆ ಕಟ್ಟಿದಂಥ ಗಾಡಿ. ಮಂಚ, ಒಲೆ, ಫ್ರಿಜ್ಜು, ಕಕ್ಕಸು ಎಲ್ಲವೂ ಒಳಗೇ. ಮುದುಕ ಸಂತೋಷದಿಂದ ಕೊಟ್ಟ, ಒಂದು ತಾಸು ಪಾಠವನ್ನೂ ಹೇಳಿದ. ಕಕ್ಕಸಿನದೆಲ್ಲ ಗಾಡಿಯ ಹೊಟ್ಟೆಯಲ್ಲಿರುವ ಒಂದು ಟ್ಯಾಂಕಿಗೆ ಹೋಗುತ್ತದೆ, ಅದು ತುಂಬಿದರೆ ಒಲೆಯ ಮೇಲಿನ ಕೆಂಪು ದೀಪ ಹತ್ತುತ್ತದೆ, ಆಗ ಡಂಪ್ ಸ್ಟೇಷನ್ ಎಂಬಲ್ಲಿಗೆ ಹೋಗಿ ಕೊಳವೆ ಜೋಡಿಸಿ ಖಾಲಿ ಮಾಡಬೇಕು, ನಾಲ್ಕು ಜನಕ್ಕೆ ನಾಲ್ಕು ದಿನ ಧಾರಾಳ. ನಾನು ಎಲ್ಲವನ್ನೂ ಬರೆದುಕೊಂಡೆ. ಬರೆದುಕೊಳ್ಳುವುದು ನನ್ನ ಇನ್ನೊಂದು ರೋಗ.

ನಾಲ್ಕು ಜನ ಎಂದರೆ ನಾನು, ಸುಧಾ, ಹದಿಮೂರರ ಮಗಳು ಅನು, ಮತ್ತು ಸುಧಾಳ ಆರೈಕೆಗೆಂದು ಧಾರವಾಡದಿಂದ ಬಂದಿದ್ದ ಅವಳ ತಾಯಿ, ನಮ್ಮ ಅತ್ತೆ. ಅತ್ತೆಯವರು ಗಾಡಿಯ ಒಳಗೆ ಕಾಲಿಟ್ಟು, ಒಲೆಯಿಂದ ಕಕ್ಕಸಿನ ಬಾಗಿಲಿಗೆ ಇರುವ ಅಂತರವನ್ನು ಕಣ್ಣಲ್ಲೇ ಅಳೆದರು. "ಅಡಗಿ, ದೇವ್ರು, ಪಾಯಖಾನಿ ಒಂದಽ ಗಾಡಿಯೊಳಗ! ಇದೇನು ಮನಿಯೋ, ಏನು ಧರ್ಮಛತ್ರೋ?" ಎಂದರು. ಬಹಳ ಚರ್ಚೆಯ ನಂತರ ದೇವರ ಪಟವನ್ನು ಡ್ರೈವರ್ ಸೀಟಿನ ಮುಂದೆ ಇಡುವುದೆಂದೂ, ನಡುವೆ ಒಂದು ಸೀರೆ ಕಟ್ಟಿದರೆ ಅದು ಬೇರೆ ಕೋಣೆಯೇ ಆಗುತ್ತದೆಂದೂ ತೀರ್ಮಾನವಾಯಿತು. ದೇವರು ಇಂಜಿನ್ನಿನ ಶಾಖದಲ್ಲಿ, ನಾವು ಸೀರೆಯ ಈಚೆಗೆ. ಕಕ್ಕಸಿನೊಳಗೆ ಅತ್ತೆಯವರು ಊರಿಂದ ತಂದ ತಾಮ್ರದ ತಂಬಿಗೆಯನ್ನು ಪ್ರತಿಷ್ಠಾಪಿಸಿದರು. ಹೊರಡುವಾಗ ಸುಧಾ ಕಿಟಕಿಯ ಪಕ್ಕ ದಿಂಬಿಗೆ ಒರಗಿ ಕೂತು, ತಲೆಗೆ ಸ್ಕಾರ್ಫ್ ಬಿಗಿದುಕೊಂಡು, ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದಳು. ಸುಟ್ಟ ಗುಡ್ಡಗಳಲ್ಲಿ ಕರಿ ಮರಗಳ ಬುಡಕ್ಕೆ ಹಸಿರು ಚಿಗುರಿದ್ದನ್ನು ಅವಳೇ ಮೊದಲು ನೋಡಿ ನಮಗೆ ತೋರಿಸಿದಳು.

ಶುಕ್ರವಾರ ಸಂಜೆ ತಲುಪುವಾಗ ಅವಳು ದಣಿದಿದ್ದಳು. ಶನಿವಾರದ ಸಂಜೆ ನೋಡುವುದೆಂದು ಮಾತಾಯಿತು. ಶನಿವಾರ ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಅನು ಒಲೆಯ ಮೇಲೆ ನೋಡಿ, "ಡ್ಯಾಡ್, ಇಟ್ಸ್ ರೆಡ್" ಎಂದಳು. ನಾಲ್ಕು ದಿನಕ್ಕೆ ತುಂಬಬೇಕಾದ ಟ್ಯಾಂಕು ಒಂದೇ ದಿನಕ್ಕೆ ತುಂಬಿತ್ತು. ನನ್ನ ಕಣ್ಣು ಸೀದಾ ತಂಬಿಗೆಯ ಕಡೆ ಹೋಯಿತು. ಮುದುಕ ಹೇಳಿದ್ದು ಕಾಗದ ಬಳಸುವ ನಾಲ್ಕು ಜನರ ಮಾತು. ನಾವು ತಲೆಮಾರುಗಳಿಂದ ನೀರಿನವರು. ಅಮೆರಿಕಾದಲ್ಲಿ ಏನು ಕೆಟ್ಟರೂ ಅದು ನಮ್ಮ ಯಾವುದೋ ಅಭ್ಯಾಸದಿಂದಲೇ ಕೆಟ್ಟಿರಬೇಕೆಂದು ನಮಗೆ ಮೊದಲು ಅನಿಸುತ್ತದೆ. ಒಗ್ಗರಣೆ ಹಾಕಿದಾಗ ಹೊಗೆಯ ಅಲಾರಂ ಕಿರುಚಿದ ಮೊದಲ ದಿನದಿಂದ ಅಂಟಿಕೊಂಡ ಅಪರಾಧಭಾವ ಅದು. ನಾನು ಎದ್ದು ನಿಂತು, ಇನ್ನು ಮೇಲೆ ಒಬ್ಬೊಬ್ಬರಿಗೆ ಅರ್ಧ ತಂಬಿಗೆ ಮಾತ್ರ ಎಂದು ಕಾನೂನು ಹೊರಡಿಸಿದೆ. ಅತ್ತೆಯವರ ಮುಖ ಸಣ್ಣದಾಯಿತು. "ಅರ್ಧಾ ತಂಬಿಗಿ ಅಂದ್ರ ಅರ್ಧಾ ಸ್ವಚ್ಛ, ಅಳಿಯದೇವ್ರಽ" ಎಂದು ಹೇಳಿ, ತಂಬಿಗೆ ಎತ್ತಿ ತಮ್ಮ ಚೀಲದೊಳಗೆ ಇಟ್ಟುಕೊಂಡರು.

ಸುಧಾ ಹೇಳಿದಳು: "ರೀ, ಆ ದೀಪ ಉರೀಲಿ ಬಿಡ್ರಿ. ನೀವೆಲ್ಲಾ ಕ್ಯಾಂಪಿನ ಪಾಯಖಾನಿಗೆ ಹೋಗ್ರಿ, ಇದನ್ನ ನನಗೊಬ್ಬಾಕಿಗೇ ಬಿಡ್ರಿ. ಐದು ಗಂಟೆಕ್ಕ ಹೊತ್ತು ಮುಳುಗ್ತದ. ಮೊದಲ ಅಲ್ಲಿಗೆ ಹೋಗೂಣು." ಎಷ್ಟು ಸರಳವಾದ ಮಾತು! ಆದರೆ ನನಗೆ ಆ ಕೆಂಪು ದೀಪದ ಕೆಳಗೆ ಕುಳಿತು ಯಾವ ನೋಟವನ್ನೂ ನೋಡುವ ಶಕ್ತಿ ಇಲ್ಲ. ಉಕ್ಕಿದರೆ? ದಾರಿಯಲ್ಲಿ ಸೋರಿದರೆ? "ಇನ್ನೂ ಮೂರು ತಾಸು ಅದ. ಇದೊಂದು ಮುಗಿಸಿಬಿಡೂಣು, ಆಮ್ಯಾಲೆ ನಿಶ್ಚಿಂತಿಯಿಂದ ನೋಡೂಣು" ಎಂದೆ. ಅವಳು ಸ್ಕಾರ್ಫ್ ಸರಿಮಾಡಿಕೊಂಡಳು.

ನಾವಿದ್ದ ಕ್ಯಾಂಪಿನಲ್ಲಿ ನೀರಿತ್ತು, ಕರೆಂಟಿತ್ತು, ಖಾಲಿ ಮಾಡುವ ಜಾಗ ಇರಲಿಲ್ಲ. ನನ್ನ ಮೊಬೈಲಿಗೆ ಆ ಬೆಟ್ಟದಲ್ಲಿ ಸಿಗ್ನಲ್ಲೇ ಇಲ್ಲ. ಮನೆಯಿಂದ ಪ್ರಿಂಟ್ ತೆಗೆದು ತಂದಿದ್ದ ನಕ್ಷೆಗಳಲ್ಲಿ ಔಷಧದ ಅಂಗಡಿ, ಆಸ್ಪತ್ರೆ, ಪೊಲೀಸ್ ಠಾಣೆ ಎಲ್ಲ ಇದ್ದವು, ಇದೊಂದರ ಹೊರತು. ಸರಿ, ಊರಿನಲ್ಲಿ ಕೇಳೋಣವೆಂದು ಎಲ್ಲರನ್ನೂ ಕೂರಿಸಿಕೊಂಡು ಗಾಡಿ ಹೊರಡಿಸಿದೆ. ಅದು ಸೇಬಿನ ಹಂಗಾಮು. ಇದ್ದ ಒಂದು ಬೀದಿಯ ತುಂಬ ಪೈ ಎಂಬ ಸೇಬಿನ ಕಡುಬು ತಿನ್ನಲು ಬಂದ ಜನ. ಆ ಮನೆಯಷ್ಟು ದೊಡ್ಡ ಗಾಡಿಯನ್ನು ನಿಲ್ಲಿಸಲು ಜಾಗ ಸಿಗದೆ ಬೀದಿಯನ್ನು ಮೂರು ಸಲ ಸುತ್ತಿದೆ. ಪೆಟ್ರೋಲ್ ಬಂಕಿನವನು, ಮೊದಲು ತಮ್ಮಲ್ಲೇ ಇತ್ತು, ಈಗ ಮುಚ್ಚಿಬಿಟ್ಟಿದ್ದೇವೆ, ಪೈ ಅಂಗಡಿಯವಳಿಗೆ ಊರೆಲ್ಲ ಗೊತ್ತು, ಅವಳನ್ನು ಕೇಳಿ ಎಂದ. ಪೈ ಅಂಗಡಿಯಲ್ಲಿ ದೊಡ್ಡ ಸಾಲು. ಇಪ್ಪತ್ತು ನಿಮಿಷ ನಿಂತೆ. ಈ ದೇಶದಲ್ಲಿ ವೀಸಾ ಕೇಳಿದ್ದೇನೆ, ಬಡ್ತಿ ಕೇಳಿದ್ದೇನೆ, ಒಂದು ಸಲ ಜಡ್ಜರ ಮುಂದೆ ನನ್ನ ತಪ್ಪಿಲ್ಲವೆಂದು ವಾದಿಸಿಯೂ ಇದ್ದೇನೆ. ಆದರೆ ದಾಲ್ಚಿನ್ನಿಯ ಘಮ ತುಂಬಿದ ಅಂಗಡಿಯಲ್ಲಿ, ಬಾಯಿಗೆ ಚಮಚ ಎತ್ತುತ್ತಿರುವ ಜನರ ನಡುವೆ, ನಮ್ಮ ಮನೆಯ ಮಲಮೂತ್ರ ಎಲ್ಲಿ ಸುರಿಯಲಿ ಎಂದು ಮರ್ಯಾದೆಯಿಂದ ಕೇಳುವ ಇಂಗ್ಲಿಷು ನನಗೆ ಬರಲಿಲ್ಲ. ನನ್ನ ಸರದಿ ಬಂದಾಗ ಒಂದು ಪೈ ತೆಗೆದುಕೊಂಡು ಹೊರಗೆ ಬಂದೆ.

ಕೊನೆಗೆ ಕೇಳಿದವಳು ಅನು. ಅಂಗಡಿಯೊಳಗೆ ಹೋಗಿ, ಗಟ್ಟಿಯಾಗಿ ಒಂದೇ ವಾಕ್ಯದಲ್ಲಿ ಕೇಳಿ, ಉತ್ತರ ತಂದಳು. ಯಾರೂ ಚಮಚ ಕೆಳಗಿಡಲಿಲ್ಲವಂತೆ. ಉತ್ತರದ ಪ್ರಕಾರ ಹೋದ ಮೊದಲ ಕ್ಯಾಂಪಿನವರು, ಇಲ್ಲಿ ತಂಗಿದವರಿಗೆ ಮಾತ್ರ ಎಂದರು. ಎರಡನೆಯದರ ಗೇಟಿಗೆ ಬೀಗ, ವಸಂತದವರೆಗೆ ಬಂದ್ ಎಂಬ ಬೋರ್ಡು. ಮೂರನೆಯದು ಊರಾಚೆ, ಕೆರೆಯ ದಂಡೆಯಲ್ಲಿ. ಮರುಭೂಮಿ ಕಾಣುವ ದಿಕ್ಕಿಗೆ ಪೂರಾ ಉಲ್ಟಾ. ದಾರಿಯುದ್ದಕ್ಕೂ ಸುಧಾ ನನ್ನ ಪಕ್ಕದ ಸೀಟಿನಲ್ಲಿ, ದೇವರ ಪಟವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನ ಅವಸ್ಥೆ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಆ ಸಾರಿನ ಹೋಳಿಗೆಯನ್ನು ನೆನೆಸಿದಳು, ನಮ್ಮ ಮೊದಲ ಬಾಡಿಗೆ ಮನೆಯನ್ನು ನೆನೆಸಿದಳು, ಪೈಯನ್ನು ಡಬ್ಬಿಯಿಂದಲೇ ಮುರಿದು ಎರಡು ತುತ್ತು ತಿಂದಳು. ಆ ತಿಂಗಳಲ್ಲಿ ಅವಳ ಹೊಟ್ಟೆಯಲ್ಲಿ ನಿಂತ ಮೊದಲ ಸಿಹಿ ಅದು. ನಾನು ಗಡಿಯಾರ ನೋಡುತ್ತಿದ್ದೆ.

ಅಲ್ಲಿ ನಮಗಿಂತ ಮುಂದೆ ಮೂರು ಗಾಡಿ. ನಮ್ಮ ಸರದಿ ಬಂದಾಗ ನಾಲ್ಕೂವರೆ. ಕೊಳವೆ ಜೋಡಿಸಿದೆ, ಬರೆದುಕೊಂಡಂತೆಯೇ ಹಿಡಿ ಎಳೆದೆ, ಬರೆದುಕೊಳ್ಳದ ಒಂದು ಸಂದಿಯಿಂದ ನನ್ನ ಬೂಟಿನ ಮೇಲೆ ಸ್ವಲ್ಪ ಬಂತು. ಕಿಟಕಿಯಿಂದ ಅತ್ತೆಯವರು, "ಸ್ನಾನಾ ಆಗೂತನಕಾ ದೇವರನ್ನ ಮುಟ್ಟಬ್ಯಾಡ್ರಿ" ಎಂದು ಎಚ್ಚರಿಸಿದರು. ಒಟ್ಟು ಹೋದದ್ದು ಒಂದೆರಡು ಬಕೆಟ್ಟಿನಷ್ಟು. ಒಳಗೆ ಬಂದು ನೋಡಿದರೆ ದೀಪ ಇನ್ನೂ ಕೆಂಪು. ನೀರು ಬಿಟ್ಟು ತೊಳೆದೆ. ಕೆಂಪು. ಮತ್ತೆ ತೊಳೆದೆ. ಕೆಂಪು. ಹಾಗೆ ಐದು ಸಲ. ಆರನೆಯ ಸಲ ಹಿಡಿ ಎಳೆಯುವಾಗ ನನ್ನ ಕೈಯೇ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ.

ಸುಧಾ ಬಾಗಿಲಲ್ಲಿ ನಿಂತಿದ್ದಳು. "ಮುಗೀತೇನ್ರೀ?"

"ದೀಪ ಆರವಲ್ದು."

"ಹೊತ್ತು ಮುಳುಗಿತಲ್ರೀ" ಎಂದಳು. ಬೈಗುಳದ ಧ್ವನಿಯಲ್ಲ, ಸುಮ್ಮನೆ ಸುದ್ದಿ ಹೇಳಿದ ಹಾಗೆ. ನನ್ನ ಮುಖ ನೋಡಿ ಅವಳಿಗೇ ಕನಿಕರ ಬಂದಿರಬೇಕು. "ಇರ್ಲಿ ಬಿಡ್ರಿ. ನಾಳೆ ನೋಡೂಣಂತ."

ಬೆಳಗಿನ ಹೊತ್ತಿಗೆ ಅವಳಿಗೆ ಜ್ವರ ಬಂತು. ಬೆಟ್ಟ ಇಳಿದು ಸೀದಾ ಆಸ್ಪತ್ರೆಗೆ ಹೋದೆವು. ಮರುಭೂಮಿ ಕಾಣುವ ತಿರುವಿನ ಬೋರ್ಡು ದಾರಿಯಲ್ಲಿ ಎಡಕ್ಕೆ ಸಿಕ್ಕಿತು. ಮುಂದಿನ ಯುಗಾದಿಗೆ ಸುಧಾ ಇರಲಿಲ್ಲ.

ಅದಕ್ಕೂ ಮೊದಲು, ಗಾಡಿಯನ್ನು ಹಿಂದಿರುಗಿಸಲು ಹೋದಾಗ ಕೆಂಪು ದೀಪದ ವಿಷಯ ಹೇಳಿ ಮುದುಕನ ಕ್ಷಮೆ ಕೇಳಿದೆ. ಅವನು ಹಣೆ ಬಡಿದುಕೊಂಡ. "ಅಯ್ಯೋ, ಹೇಳಲು ಮರೆತೆನೇ? ಬೆಟ್ಟ ಹತ್ತಿದರೆ ಅದು ಹಾಗೆಯೇ. ಒಳಗೆ ಕುಲುಕಾಡಿ ಸೆನ್ಸರಿಗೆ ಏನೋ ಅಂಟಿಕೊಳ್ಳುತ್ತದೆ. ಎರಡು ದಿನ ಬಿಟ್ಟರೆ ತಾನೇ ಆರುತ್ತದೆ" ಎಂದ. ಟ್ಯಾಂಕು ತುಂಬಿರಲೇ ಇಲ್ಲ. ತಂಬಿಗೆ ನಿರಪರಾಧಿ. ಓದುಗರಿಗೆ ಇಲ್ಲಿಯವರೆಗೆ ಒಂದು ವಿಷಯ ಮುಚ್ಚಿಟ್ಟಿದ್ದೆ: ನಾನು ಟೆಲಿಕಾಂ ಎಂಜಿನಿಯರು, ಕಂಪನಿಯಲ್ಲಿ ನನ್ನ ಕೆಲಸವೇ ಸುಳ್ಳು ಅಲಾರಂಗಳನ್ನು ಪತ್ತೆ ಹಚ್ಚುವುದು. ಈ ಕೆಲಸದಲ್ಲಿ ನಿಪುಣನೆಂದು ಒಂದು ಫಲಕವನ್ನೂ ಕೊಟ್ಟಿದ್ದಾರೆ. ಅತ್ತೆಯವರು ಊರಿಗೆ ಹೊರಟಾಗ ವಿಮಾನ ನಿಲ್ದಾಣದಲ್ಲಿ ತಂಬಿಗೆಯ ಬಗ್ಗೆ ತಪ್ಪಾಯಿತು ಎಂದು ಕಾಲು ಮುಟ್ಟಿ ಹೇಳಿದೆ. "ತಂಬಿಗೀದೇನು ಬಿಡ್ರಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾಲ್ಕು ವರ್ಷವಾಯಿತು. ಅನುಗೆ ಈಗ ಹದಿನೇಳು, ಕಾರು ಓಡಿಸುತ್ತಾಳೆ. ಕಳೆದ ತಿಂಗಳು ಒಂದು ಶನಿವಾರ, "ಡ್ಯಾಡ್, ಲೆಟ್ಸ್ ಗೋ ಸೀ ಇಟ್" ಎಂದಳು. ಏನನ್ನು ಎಂದು ನಾನು ಕೇಳಲಿಲ್ಲ. ಊರು ತಲುಪಿದಾಗ ನಾಲ್ಕು ಗಂಟೆ, ಕೈಯಲ್ಲಿ ಬೇಕಾದಷ್ಟು ಸಮಯ. ಆದರೆ ತಿರುವಿನ ಬಳಿ ಒಂದು ಆರ್‌ವಿ ನಿಂತಿತ್ತು. ವಯಸ್ಸಾದ ಗಂಡ ಹೆಂಡತಿ, ನಕ್ಷೆ ಬಿಚ್ಚಿಕೊಂಡು, ಕೈಬೀಸಿ ನಮ್ಮನ್ನು ನಿಲ್ಲಿಸಿ, ಇಲ್ಲಿ ಡಂಪ್ ಸ್ಟೇಷನ್ ಎಲ್ಲಿದೆ ಎಂದು ಸಂಕೋಚದಿಂದ ಕೇಳಿದರು. ಆ ಊರಿನಲ್ಲಿ ನನಗೆ ಗೊತ್ತಿರುವ ಜಾಗ ಅದೊಂದೇ, ಅದನ್ನೇ ಕೇಳುತ್ತಿದ್ದಾರೆ! "ಹೇಳಿದರೆ ತಿಳಿಯುವುದಿಲ್ಲ, ನಮ್ಮ ಹಿಂದೆ ಬನ್ನಿ" ಎಂದೆ. ಅನು ನನ್ನನ್ನು ಒಂದು ಕ್ಷಣ ನೋಡಿ, ಕಾರು ತಿರುಗಿಸಿದಳು. ಕೆರೆಯ ದಂಡೆಯಲ್ಲಿ ಕೊಳವೆ ಜೋಡಿಸುವುದನ್ನು ತೋರಿಸಿದೆ, ಸಂದಿಯಿಂದ ಬೂಟಿಗೆ ಸಿಡಿಯದಂತೆ ಎಲ್ಲಿ ನಿಲ್ಲಬೇಕೆಂದು ಹೇಳಿದೆ, ಕೆಂಪು ದೀಪವನ್ನು ಎಂದೂ ನಂಬಬೇಡಿ ಎಂದು ಎರಡೆರಡು ಸಲ ಹೇಳಿದೆ. ಅವರು ಬಹಳ ಒಳ್ಳೆಯವರು, ಪೂರ್ತಿ ಕೇಳಿಸಿಕೊಂಡರು.

ತಿರುಗಿ ನೋಡಿದಾಗ ಅನು ಕಾರಿಗೆ ಒರಗಿ ನಿಂತಿದ್ದಳು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಅವಳಮ್ಮನ ಅದೇ ಧಾರವಾಡದ ಎಳೆತದಲ್ಲಿ, "ಹೊತ್ತು ಮುಳುಗಿತಲ್ಲೋ ಅಪ್ಪಾ" ಎಂದಳು.

ನಾನು ನಲ್ಲಿಯ ಕೆಳಗೆ ಕೈ ತೊಳೆದುಕೊಳ್ಳುತ್ತ, "ಇರ್ಲಿ ಬಿಡು, ನಾಳೆ ನೋಡೂಣಂತ" ಎಂದೆ.