ವಿಡಿಯೋದಾಗಿನ ರೊಟ್ಟಿ

ಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನು ನಗೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಮನೆ ಹುಡುಕಿಕೊಂಡು ಬರುತ್ತದೆ. ಎಲ್ಲರ ಕೈಗೂ ಮೊಬೈಲ್ ವಿಡಿಯೋ ಬಂದ ಮೇಲಂತೂ ಅದು ಬಾಗಿಲು ಬಡಿಯುವುದನ್ನೂ ಬಿಟ್ಟಿದೆ. ಸಿಂದಗಿ ತಾಲೂಕಿನಲ್ಲಿ ನನ್ನ ನೌಕರಿ. ಇವೆಲ್ಲ ಈಚಿನ ಮಾತು.

ವಿಮಾನ ಇಳಿಯದವನು

ನನ್ನ ಹೆಂಡತಿಯ ತಮ್ಮ ಪಕ್ಕದ ಇಂಡಿ ಊರಿನಲ್ಲಿ ಲಿಂಬೆಹಣ್ಣಿನ ವ್ಯಾಪಾರಿ. ಹಣ್ಣು ಕೊಳ್ಳುವ ಕೇರಳದವರ ಜೊತೆ ತಾನೇ ಮಾತಾಡಬೇಕೆಂದು ವಿಡಿಯೋ ನೋಡಿ ಇಂಗ್ಲಿಷ್ ಕಲಿಯತೊಡಗಿದ. ಒಮ್ಮೆ ನಾನು ಅಂಗಡಿಯಲ್ಲಿ ಕೂತಿದ್ದಾಗಲೇ ಕೇರಳದಿಂದ ಫೋನು ಬಂತು. ಆತ ಎದ್ದು ನಿಂತು, ಅಂಗಿ ಸರಿ ಮಾಡಿಕೊಂಡು, "ವೆಲ್‌ಕಮ್ ಸರ್. ಡು ಯು ವಾಂಟ್ ವಿಂಡೋ ಸೀಟ್?" ಎಂದ.

ಆ ಕಡೆಯವರು ಲಿಂಬೆಹಣ್ಣು ಎಂದಿರಬೇಕು. ಈತ ಎದೆಗುಂದದೆ, "ಹೌ ಮೆನಿ ಬ್ಯಾಗ್ಸ್, ಸರ್?" ಎಂದ. ಅಲ್ಲಿಂದ ಮಾತು ಹಳಿಗೆ ಬಂತು, ವ್ಯಾಪಾರವೂ ಕುದುರಿತು.

"ಏನೋ ಇದು?" ಎಂದು ಕೇಳಿದೆ.

"ಏನ್ ಮಾಡ್ಲಿರಿ ಮಾವಾರ, ಪಾಠದಾಗ ಅವರು ನನ್ನ ಇನ್ನೂ ವಿಮಾನದಿಂದ ಇಳಿಸಿಲ್ಲ. ಸಂತಿ ಪಾಠ ಬರೂತನಕ ಲಿಂಬಿಹಣ್ಣು ತಡಿತಾವೇನ್ರಿ?"

ಚಲೋ ಸರ

ನಕ್ಕೆ, ಆದರೆ ಅವನ ಧೈರ್ಯ ಕಂಡು ಹೊಟ್ಟೆಕಿಚ್ಚೂ ಆಯಿತು. ನನ್ನ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ನಮ್ಮ ಹೈಸ್ಕೂಲಿಗೆ ಸೇರಿದಾಗಿನಿಂದ ನನ್ನ ಪಿರಿಯಡ್ಡಿನಲ್ಲಿ ಬಾಯಿ ಬಿಟ್ಟವಳಲ್ಲ. ಅವಳ ತಾಯಿ ಸಿಕ್ಕಾಗಲೆಲ್ಲ, "ಮನ್ಯಾಗ ಹರಳು ಹುರದಂಗ ಮಾತಾಡ್ತಾಳ್ರಿ ಸರ, ನಿಮ್ಮ ಮುಂದ ಏನಾಗ್ತೈತೋ" ಎನ್ನುವಳು. ಆ ಮಾತು ನನಗೆ ಚುಚ್ಚುತ್ತಿತ್ತು. ಅವಳು ಸಾಲಿ ಬಿಟ್ಟು ಹೋಗುವುದರೊಳಗೆ ಅವಳ ಬಾಯಿಂದ ಒಂದೇ ಒಂದು ಇಂಗ್ಲಿಷ್ ಮಾತು ಕೇಳಬೇಕೆಂದು ನನಗೆ ಆಸೆ.

ಒಬ್ಬಳೇ ಕೂತು ನೋಡಿದರೆ ನಾಚಿಕೆ ಬಿಟ್ಟೀತು ಎಂದು, ನಾನೇ ಮನೆಯಲ್ಲಿ ಪಾಠದ ವಿಡಿಯೋ ಮಾಡಿ ಮಕ್ಕಳ ಮೊಬೈಲಿಗೆ ಹಾಕತೊಡಗಿದೆ. ಅವಳೇನೂ ಮಾತಾಡಲಿಲ್ಲ. ಉಳಿದವರಿಗೆ ಮಾತ್ರ ಬಾಯಿ ಬಂತು.

"ಸರ, ನಿಮಗಿಂತ ವಿಡಿಯೋದಾಗಿನ ಸರ ಚಲೋ ಅದಾರ್ರಿ."

"ಅವರೂ ನಾನ ಅಲ್ಲೇನೋ?"

"ಖರೇ ಐತ್ರಿ. ಆದ್ರ ಅವರು ನಿಲ್ಲಂದ್ರ ನಿಲ್ತಾರ್ರಿ."

ಪಾಠದಲ್ಲಿ ಇಲ್ಲದ ಸಾಲು

ವಿಡಿಯೋದಲ್ಲಿ ನಾನು ಒಂದು ಸಾಲು ಹೇಳಿ, ಮಕ್ಕಳು ತಿರುಗಿ ಹೇಳಲೆಂದು ತುಸು ಬಿಡುವು ಕೊಡುತ್ತಿದ್ದೆ. ಅಂಥ ಒಂದು ಬಿಡುವಿನಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಸೇರಿಕೊಂಡಿತ್ತು. ನಾನು ಅದನ್ನು ನೋಡದೆ ಹಾಗೇ ಹಾಕಿಬಿಟ್ಟಿದ್ದೆ.

ಮರುದಿನ ಇಡೀ ತರಗತಿ ಎದ್ದು ನಿಂತು ಪಾಠ ಒಪ್ಪಿಸಿತು. "ದಿ ಬಸ್ ಈಸ್ ಲೇಟ್ ಟುಡೇ" ಎಂದಾದ ಕೂಡಲೇ ಎಲ್ಲರೂ ಒಂದೇ ರಾಗದಲ್ಲಿ, "ಏನ್ರಿ, ನಿಮ್ಮ ಇಂಗ್ಲಿಷ್ ಎಲ್ಲೂ ಓಡಿ ಹೋಗೂದಿಲ್ಲ. ಬರ್ರಿ, ರೊಟ್ಟಿ ಆರಾಕತ್ತಾವ" ಎಂದರು. ಆಮೇಲೆ ಏನೂ ಆಗದವರಂತೆ "ವಿ ವಿಲ್ ವೇಟ್ ಹಿಯರ್" ಎಂದು ಮುಂದುವರಿದರು.

"ಅದು ಪಾಠದಾಗ ಇಲ್ಲ" ಎಂದೆ.

"ಐತ್ರಿ ಸರ. ಎಷ್ಟ್ ಸರ್ತಿ ನೋಡಿದ್ರೂ ಅಲ್ಲೇ ಬರ್ತೈತ್ರಿ."

ಆ ಹುಡುಗಿಯ ದನಿ ಕೇಳಿಸಲಿಲ್ಲ. ಆದರೆ ರೊಟ್ಟಿಯ ಸಾಲಿಗೆ ಅವಳ ತುಟಿಯೂ ಅಲ್ಲಾಡಿದ್ದನ್ನು ನೋಡಿದೆ. ಮನೆಗೆ ಬಂದು ಆ ವಿಡಿಯೋ ಅಳಿಸಲು ಮನಸ್ಸಾಗಲಿಲ್ಲ.

ಸಾಹೇಬರ ಭಾಷಣ

ಮುಂದೆ ಸ್ವಲ್ಪ ದಿನಕ್ಕೆ ಮೇಲಿನ ಸಾಹೇಬರೊಬ್ಬರು ಸಾಲಿ ನೋಡಲು ಬಂದರು. ನನ್ನ ತರಗತಿಯಲ್ಲಿ ನಿಂತು, ಇಂಗ್ಲಿಷ್ ಮಾತಾಡುವುದು ಎಷ್ಟು ಮುಖ್ಯ ಎಂದು ಇಂಗ್ಲಿಷಿನಲ್ಲೇ ಭಾಷಣ ಶುರು ಮಾಡಿದರು. ಬಿಸಿಯೂಟದ ಗಂಟೆ ಹೊಡೆಯಿತು. ಸಾರಿನ ವಾಸನೆ ಕಿಟಕಿಯೊಳಗೆ ಬಂತು. ಸಾಹೇಬರ ಭಾಷಣ ಮಾತ್ರ ಹನುಮಂತನ ಬಾಲವಾಯಿತು. ಮಕ್ಕಳು ಬಾಗಿಲು ನೋಡುತ್ತ ಕೂತಿದ್ದರು.

ಕಡೆಗೆ ಅವರು ಕನ್ನಡಕ್ಕೆ ಬಂದು, "ಯಾರರ ಎದ್ದು ನಿಂತು ಒಂದ ಒಂದು ಮಾತು ಇಂಗ್ಲಿಷಿನ್ಯಾಗ ಹೇಳ್ರಿ ನೋಡೋಣು. ಬಾಯಿಪಾಠ ಬ್ಯಾಡ, ನಿಮ್ಮ ಮನಸಿನ್ಯಾಗ ಇದ್ದದ್ದು" ಎಂದರು.

ಯಾರೂ ಏಳಲಿಲ್ಲ. ನನ್ನ ಮಾನ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಆ ಹುಡುಗಿ ಎದ್ದಳು.

"ಸರ್," ಎಂದಳು, "ಯುವರ್ ಇಂಗ್ಲಿಷ್ ವಿಲ್ ನಾಟ್ ರನ್ ಅವೇ. ಪ್ಲೀಸ್ ಕಮ್. ರೈಸ್ ಈಸ್ ಗೆಟಿಂಗ್ ಕೋಲ್ಡ್."

ಸಾಹೇಬರ ಹಿಂದೆ ನಿಂತಿದ್ದ ಹೆಡ್‌ಮಾಸ್ತರರ ಮುಖ ಬಿಳಿಚಿಕೊಂಡಿತು. ನನಗೆ ಮಾತ್ರ ಕಣ್ಣಲ್ಲಿ ನೀರು ಬಂತು. ಒಂದೂ ತಪ್ಪಿರಲಿಲ್ಲ. ಪುಸ್ತಕದಲ್ಲಿದ್ದ ಮಾತಲ್ಲ, ಅವಳೇ ಕನ್ನಡದಿಂದ ಎತ್ತಿ ಕಟ್ಟಿದ್ದು. ರೊಟ್ಟಿ ತೆಗೆದು ಅನ್ನ ಹಾಕುವುದನ್ನೂ ಮರೆತಿರಲಿಲ್ಲ.

ಸಾಹೇಬರು ಗಡಿಯಾರ ನೋಡಿಕೊಂಡರು. ಆಮೇಲೆ ಗೋಡೆಗೆ ಕೈ ಆನಿಸಿ ನಗತೊಡಗಿದರು. "ನಡೀರಿ, ನಡೀರಿ, ಮೊದಲ ಉಣ್ಣೋಣು" ಎಂದು ಬಾಗಿಲವರೆಗೆ ಹೋದವರು ತಿರುಗಿ ನಿಂತು, ನನ್ನ ಕಡೆ ಕೈ ಮಾಡಿ, "ಇಷ್ಟ್ ಚಂದ ಇಂಗ್ಲಿಷ್ ಈ ಸರ ಕಲಿಸಿದ್ರೇನವಾ?" ಎಂದು ಕೇಳಿದರು.

ಒಮ್ಮೆ ಬಿಟ್ಟ ಬಾಯಿ, ಇನ್ನು ನಿಲ್ಲುವುದುಂಟೇ?

"ಸರ ಅಲ್ರಿ," ಎಂದಳು. "ಅವರ ಮನ್ಯಾಗಿನ ಅಕ್ಕಾರ್ರಿ."