ಒಂದು ಇಂಚಿನ ಬಾವು

೨೦೨೫ರ ಫೆಬ್ರುವರಿ ೧೧, ಮಂಗಳವಾರ, ಬೆಳಿಗ್ಗೆ ೯ ಗಂಟೆ ೧೦ ನಿಮಿಷ. ಅಣ್ಣಿಗೇರಿಯ ದರ್ಜಿ ಶರೀಫಸಾಬ ಮುಂಜಾನೆಯ ಕತ್ತರಿ ಕೆಲಸ ಮುಗಿಸಿ ಬಿಪಿ ಗುಳಿಗೆ ಬಾಯಿಗೆ ಹಾಕಿಕೊಳ್ಳುವುದರಲ್ಲಿದ್ದರು. ಅಲ್ಲೇ ಕೂತಿದ್ದ ಪಕ್ಕದ ಮನೆಯ ಅಂದಾನೆಪ್ಪ ನಿವೃತ್ತ ಪೋಸ್ಟಮನ್. ಮಡಿಚಿದ ಕಾಗದ ಕಂಡರೆ ಬಿಡಿಸದೆ ಇರಲಾರ. ಗುಳಿಗೆ ಡಬ್ಬಿಯೊಳಗಿನ ಚೀಟಿಯನ್ನೂ ಬಿಡಿಸಿ ಓದಿದ.

“ಶರೀಫಣ್ಣಾ, ಎಷ್ಟ ವರ್ಷ ಆತು ಇದನ್ನ ನುಂಗಾಕತ್ತಿ?”

“ಒಂಬತ್ತ.”

“ಪಾದದ ಗಂಟಿಗೆ ಬಾವು ಬರತೈತಿ ಅಂತ ಬರದಾರ ನೋಡು.”

ಶರೀಫಸಾಬರಿಗೆ ಅರವತ್ತೊಂಬತ್ತು. ಹೊಲಿಗೆ ಯಂತ್ರ ತುಳಿದೇ ಬದುಕಿದವರು. ಕಾಲು ಹೋದರೆ ಕಸುಬೂ ಹೋಗುತ್ತದೆ. ಗುಳಿಗೆಯನ್ನು ಜೇಬಿಗೆ ಹಾಕಿ, ಕೊರಳಲ್ಲಿದ್ದ ಟೇಪಿನಿಂದ ಬಲಗಾಲಿನ ಗಂಟು ಅಳೆದರು. ಹತ್ತೂವರೆ ಇಂಚು. ಹೋದ ರಮಜಾನಿಗೆ ಹೊಲಿದುಕೊಂಡ ಚೂಡಿದಾರ ಪೈಜಾಮದ ಗಂಟಿನ ಅಳತೆ ಪುಸ್ತಕದಲ್ಲಿತ್ತು: ಒಂಬತ್ತೂವರೆ. ಎಡಗಾಲಿನದೂ ಅದೇ ಕತೆ.

“ವರ್ಷಕ್ಕ ಒಂದ ಇಂಚ ಅಂದ್ರ, ಎಂಬತ್ತಕ್ಕ ಇಪ್ಪತ್ತೊಂದೂವರಿ,” ಅಂದಾನೆಪ್ಪ ಲೆಕ್ಕ ಹಾಕಿದ. “ಪೈಜಾಮ ಬಿಡು, ಗೋಣಿಚೀಲ ಹೊಲಕೋಬೇಕಾಗತೈತಿ.”

ಹಿಟ್ಟಿನ ಗಿರಣಿಯ ಶಿವಗಂಗವ್ವ ಸುದ್ದಿ ಕೇಳಿ ಬಂದಳು. ತನ್ನ ಸೋದರಮಾವನ ಬಾವೂ ಹೀಗೇ ಪಾದದಿಂದ ಹೊರಟು ವಾರದೊಳಗೆ ಸೊಂಟ ಮುಟ್ಟಿತ್ತೆಂದು ಧೈರ್ಯ ಹೇಳಿ, ಎರಡೂ ಕಾಲಿಗೆ ಔಡಲ ಎಲೆ ಕಟ್ಟಿದಳು. ಶರೀಫಸಾಬ ಅಳತೆ ಪುಸ್ತಕವನ್ನು ಎದೆಗವಚಿಕೊಂಡು, ಕಾಲಿಗೆ ಹಗ್ಗ ಬಿಗಿದ ಕೋಳಿಯಂತೆ ಹೆಜ್ಜೆಯಿಡುತ್ತ, ಹೆಂಡತಿ ಜುಲೇಖಾಬಿಯೊಂದಿಗೆ ದವಾಖಾನೆ ಸೇರಿದರು.

ಡಾಕ್ಟರ್ ಮಲ್ಲಿಕಾ ಎಲೆ ಬಿಚ್ಚಿ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಕುಳಿ ಬೀಳಲಿಲ್ಲ. ಬಿಪಿ ೧೩೨ಕ್ಕೆ ೮೦. ವರ್ಷಕ್ಕೊಮ್ಮೆ ಮಾಡಿಸಿದ ಕಿಡ್ನಿ ಪರೀಕ್ಷೆಗಳೂ ಸರಿಯಾಗಿದ್ದವು.

“ಬಾವು ಇಲ್ಲ, ಕಾಕಾ.”

ಶರೀಫಸಾಬ ಪುಸ್ತಕ ಬಿಚ್ಚಿ ತೋರಿಸಿದರು. ಅವಳು ಮೇಜಿನಿಂದ ತನ್ನ ಟೇಪು ತೆಗೆದು ಅಳೆದಳು: ಒಂಬತ್ತೂವರೆ. ಎರಡೂ ಟೇಪುಗಳನ್ನು ಜೋಡಿಸಿ ಹಿಡಿದಳು. ಶರೀಫಸಾಬರ ಟೇಪಿನ ಮೊದಲ ಇಂಚೇ ಇರಲಿಲ್ಲ.

ಜುಲೇಖಾಬಿ ಸೆರಗು ಸರಿಪಡಿಸಿಕೊಂಡಳು. “ನಿನ್ನೆ ಇಸ್ತ್ರಿ ತಾಗಿ ಟೇಪಿನ ತುದಿ ಸುಟ್ಟಿತ್ರಿ. ಇವರು ಬೈತಾರಂತ ಸುಟ್ಟಷ್ಟ ಕತ್ತರಿಸಿ, ತುದೀ ತಗಡ ತಿರುಗಿ ಕೂಡಿಸೇನಿ. ಒಂದ ಇಂಚ, ಹೆಚ್ಚಿಗಿ ಇಲ್ರಿ.”

“ಗುಳಿಗಿಂದ ಕೆಲವರಿಗೆ ಬಾವು ಬರೂದು ಖರೇ,” ಎಂದಳು ಡಾಕ್ಟರ್. “ಬಂದ್ರ ಗುಳಿಗಿ ಬದಲ ಮಾಡೂಣು. ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ.”

ಶರೀಫಸಾಬ ಜೇಬಿನ ಗುಳಿಗೆ ತೆಗೆದು ನುಂಗಿದರು. ಕಾಲುಗಳನ್ನು ಪ್ರೀತಿಯಿಂದ ನೋಡಿಕೊಂಡರು. ಆಮೇಲೆ ಟೇಪು ನೋಡಿದರು, ಪುಸ್ತಕ ನೋಡಿದರು. ಮುಖದ ಬಣ್ಣ ಇಳಿಯಿತು.

“ಏನಾತ್ರಿ ಕಾಕಾ?”

ಬ್ಯಾಂಡ್ ಕಂಪನಿಯ ಎಂಟು ಜನರ ಪ್ಯಾಂಟಿನ ಅಳತೆಯನ್ನು ಅವರು ಹೋದ ವಾರ, ಟೇಪು ಪೂರ್ತಿ ಇದ್ದಾಗ ಬರೆದುಕೊಂಡಿದ್ದರು. ಬಟ್ಟೆ ಕತ್ತರಿಸಿದ್ದು ಇವತ್ತು ಬೆಳಿಗ್ಗೆ, ಈ ಮೋಟು ಟೇಪು ಹಿಡಿದು. ಗುರುವಾರ ಆ ಪ್ಯಾಂಟು ತೊಟ್ಟು ಅವರು ಮದುವೆಯಲ್ಲಿ ನಿಂತು ಬಾರಿಸಬೇಕಿತ್ತು.

“ಎಂಟೂ ಕತ್ತರಿಸಿ ಆತೇನ್ರಿ?” ಜುಲೇಖಾಬಿ ಮೆಲ್ಲಗೆ ಕೇಳಿದಳು.

“ಉದ್ದಾನೂ, ಸೊಂಟಾನೂ.”

ಅವರ ಹಣೆಯ ಬೆವರು ಕಂಡು ಡಾಕ್ಟರ್ ಮತ್ತೊಮ್ಮೆ ತೋಳಿಗೆ ಬಿಪಿ ಪಟ್ಟಿ ಸುತ್ತಿದಳು. ಈ ಸಲ ೧೭೨ಕ್ಕೆ ೯೬.